ಟೀಮು ಯಾರ್ದು?

ಕಳೆದ ವರ್ಷ ಗೌರಿ-ಗಣೇಶಕ್ಕೆ ಹನಗೋಡಿಗೆ ಹೋಗಿದ್ದೆ. ಗಣಪತಿಯನ್ನು ಲಕ್ಷ್ಮಣತೀರ್ಥಕ್ಕೆ ಬಿಟ್ಟು ಬಂದ ಮಾರನೇ ಸಂಜೆ ನಮ್ಮ ಬೀದಿಯಲ್ಲಿ ಲೆಕ್ಕ ಓದೋ ಕಾರ್ಯಕ್ರಮ ಇರುತ್ತೆ. ಕಾರ್ಯಕ್ರಮ ಅಂದ್ರೆ ಏನೂ ಇಲ್ಲ, ಒಬ್ಬ ಹುಡುಗ ನೋಟ್‌ಬುಕ್ ಹಿಡಿದು ಬಲ್ಬಿನ ಕೆಳಗೆ ನಿಂತು ಜಮಾ-ಖರ್ಚು ಓದುತ್ತಾನೆ, ಮಿಕ್ಕವರು ತಕರಾರು ತೆಗೀತಾರೆ. ಈ ಸಲ ತಕರಾರು ನಮ್ಮ ಸೋದರಮಾವನದು. ಮಾವ ಕೊಟ್ಟಿದ್ದ ಚಂದಾ ನೂರಾ ಒಂದು ರೂಪಾಯಿ. ಸೌಂಡ್ ಸಿಸ್ಟಮ್‌ನವನಿಗೆ ಒಂದು ದಿನದ ಬಾಡಿಗೆ ಜಾಸ್ತಿ ಯಾಕೆ ಹೋಯ್ತು ಅಂತ ಅರ್ಧ ಗಂಟೆ ಜಗಳ ಆಡಿದರು. ನೂರೊಂದು ರೂಪಾಯಿಗೆ ಅರ್ಧ ಗಂಟೆ! ಯಾರೂ ಅವರನ್ನು ‘ನೀನ್ಯಾರು ಕೇಳೋಕೆ’ ಅನ್ನಲಿಲ್ಲ. ಕೊನೆಗೆ ಹುಡುಗರೇ ‘ಮುಂದಿನ ವರ್ಷ ಮೊದಲೇ ರೇಟು ಮಾತಾಡ್ತೀವಿ ಬುಡಣ್ಣ’ ಅಂದಮೇಲೆ ಮಾವ ಎದ್ದು ಬಂದರು.

ನಾನು ಜಗುಲಿ ಮೇಲೆ ಕೂತು ಫೋನು ನೋಡ್ತಾ ಮುಖ ಊದಿಸಿಕೊಂಡಿದ್ದೆ. ಏನಾಯ್ತು ಅಂತ ಕೇಳಿದರು. ನಮ್ಮ ಫುಟ್‌ಬಾಲ್ ಟೀಮು ಆಟಗಾರರ ಸಂಬಳ ನಿಲ್ಲಿಸಿದೆ, ಈ ವರ್ಷ ಲೀಗ್ ನಡೆಯೋದೇ ಅನುಮಾನ ಅಂದೆ.

“ಆ ಟೀಮು ಯಾರ್ದು?”

“ಬೆಂಗಳೂರಿಂದು ಮಾವ.”

“ಅದಲ್ಲ ಕಣ್ಲಾ. ಯಾರ್ದು ಅಂದೆ.”

“ಜೆಎಸ್‌ಡಬ್ಲ್ಯು ಅಂತ. ಸ್ಟೀಲಿನೋರು, ಬಳ್ಳಾರಿ ಕಡೆ ತೋರಣಗಲ್ಲಲ್ಲಿ ಪ್ಲಾಂಟ್ ಐತಲ್ಲ, ಅವರು.”

“ಮತ್ತೆ ನಿಂಗ್ಯಾಕ್ಲಾ ಉರಿ?”

ಉತ್ತರ ಹೊಳೆಯಲಿಲ್ಲ. ಆರು ತಿಂಗಳಾದ ಮೇಲೂ ಸರಿಯಾಗಿ ಹೊಳೆದಿಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ.

ಫುಟ್‌ಬಾಲ್ ನೋಡದವರಿಗೆ ಆಗಿದ್ದೇನು ಅಂತ ಚುಟುಕಾಗಿ ಹೇಳ್ತೀನಿ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ, ಐಎಂಜಿ-ರಿಲಯನ್ಸ್‌ಗೆ ಬರೆದುಕೊಟ್ಟಿತು. ಅದರ ಮೇಲೆ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎದ್ದಿತು. ಕರಾರು 2025ರ ಡಿಸೆಂಬರ್‌ಗೆ ಮುಗಿಯುತ್ತೆ ಅನ್ನೋದು ಸಹಿ ಹಾಕಿದ ದಿನದಿಂದಲೂ ಎಲ್ಲರಿಗೂ ಗೊತ್ತಿತ್ತು. ಆದರೂ ಹೊಸ ಕರಾರು ಕುದುರಲಿಲ್ಲ. 2025ರ ಜುಲೈನಲ್ಲಿ ಲೀಗ್ ನಡೆಸುವ ಕಂಪನಿ ಈ ಸೀಸನ್ನನ್ನು ತಡೆಹಿಡಿದಿದ್ದೇವೆ ಅಂತ ಕ್ಲಬ್‌ಗಳಿಗೆ ಪತ್ರ ಬರೆಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ಇದು ತಟ್ಟುವುದಿಲ್ಲ ಅಂತಲೂ ಹೇಳಿತು. ಫೆಡರೇಶನ್ ವಾಣಿಜ್ಯ ಹಕ್ಕಿಗೆ ಕರೆದ ಟೆಂಡರಿನ ಗಡುವು ನವೆಂಬರ್‌ನಲ್ಲಿ ಮುಗಿದಾಗ ಒಬ್ಬನೇ ಒಬ್ಬ ಬಿಡ್ ಹಾಕಿರಲಿಲ್ಲ.

ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಆಗ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ತಂಬಾಕು ಬೇಲು ಇಟ್ಟುಕೊಂಡು ಕಾಯ್ತಾ ಇದ್ದರು. “ನೋಬಿಡ್ಡಾ?” ಅಂದರು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪು, ಕಂಪನಿಯವರು ಬೇಲಿನ ಮುಂದೆ ಹಾದು ಹೋಗ್ತಾರೆ, ಯಾರೂ ರೇಟು ಕೂಗಲ್ಲ. ನೋಬಿಡ್. ಬೇಲು ವಾಪಸ್ ಮನೆಗೆ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನೂ ಮಾವನೇ ಹೇಳಿದರು: “ನೋಬಿಡ್ ಆದ್ರೂ ಬೇಲು ನಂದೇ ಕಣಪ್ಪ. ಪ್ಲಾಟ್‌ಫಾರಂ ಮುಂದೆ ಕುಂತು ಧರಣಿ ಮಾಡ್ತೀನಿ. ನೀನೇನ್ ಮಾಡ್ತೀಯ?”

ನಾನು ಟ್ವೀಟ್ ಮಾಡಿದ್ದೆ. ಅಷ್ಟೇ.

ಮಾಲೀಕರನ್ನು ಬೈಯೋದು ಸುಲಭ. ಅದಕ್ಕೂ ಮೊದಲು ಅವರು ಕೊಟ್ಟಿದ್ದನ್ನು ಒಪ್ಪಿಕೊಳ್ಳಬೇಕು. 2013ರಲ್ಲಿ ಕ್ಲಬ್ ಹುಟ್ಟಿದಾಗ ನಾನು ಬೆಂಗಳೂರಿಗೆ ಬಂದು ಒಂದು ವರ್ಷ ಆಗಿತ್ತು. ಊರಲ್ಲಿ ನಾನು ಫುಟ್‌ಬಾಲ್ ಅಂತ ನೋಡಿದ್ದು ಗುರುಪುರದ ಟಿಬೆಟ್ ಕ್ಯಾಂಪಿನ ಹುಡುಗರು ಆಡ್ತಿದ್ದದ್ದನ್ನ ಮಾತ್ರ. ಜೋಳದ ಹೊಲದ ಪಕ್ಕ ಮೈದಾನ, ಕೆಂಪು ಬಟ್ಟೆಯನ್ನು ಮಂಡಿಗೆ ಎತ್ತಿ ಕಟ್ಟಿಕೊಂಡು ಓಡುವ ಮರಿ ಲಾಮಾಗಳು. ನಾವು ಬೇಲಿ ಆಚೆ ಸೈಕಲ್ ನಿಲ್ಲಿಸಿಕೊಂಡು ನೋಡ್ತಿದ್ವಿ, ಬಾಲು ಆಚೆ ಬಂದರೆ ಒಂದು ಸಲ ಒದ್ದು ವಾಪಸ್ ಕೊಡೋ ಭಾಗ್ಯ. ಹಂಗಾಗಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಮ್ಮದೇ ಅಂತ ಒಂದು ಟೀಮು ಇಳಿದಾಗ ಹುಚ್ಚು ಹಿಡಿದುಬಿಟ್ಟಿತು. ಸೆಪ್ಟೆಂಬರ್ 22ರಂದು ಮೊದಲ ಮ್ಯಾಚು, ಮೋಹನ್ ಬಗಾನ್ ಮೇಲೆ 1-1. ಮೊದಲ ವರ್ಷವೇ ಐ-ಲೀಗ್ ಗೆದ್ದರು. ಆಮೇಲೆ ಕಂಠೀರವಕ್ಕೆ ಬಂದೆವು, ಪಶ್ಚಿಮದ ಸ್ಟ್ಯಾಂಡು ನಮ್ಮದಾಯಿತು, ವೆಸ್ಟ್ ಬ್ಲಾಕ್ ಬ್ಲೂಸ್ ಡ್ರಮ್ಮು ಬಾರಿಸಿದರೆ ಎದೆಯೊಳಗೆ ಕೇಳೋದು. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಹೊಡೆದರಲ್ಲ, ಛೆಟ್ರಿಯದು ಎರಡು ಗೋಲು, ಆ ರಾತ್ರಿ ನಾನು ಮುಂದಿನ ಸಾಲಿನ ಗುರುತಿಲ್ಲದವರನ್ನ ತಬ್ಬಿಕೊಂಡು ಅತ್ತಿದ್ದೀನಿ. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತಿದ್ದು ಬೇರೆ ಮಾತು.

ಇದೆಲ್ಲ ಒಬ್ಬ ಮಾಲೀಕನ ದುಡ್ಡಿನಿಂದ ಆಗಿದ್ದು. ನಾವು ಟಿಕೆಟ್ ತಗೊಂಡ್ವಿ, ಜೆರ್ಸಿ ತಗೊಂಡ್ವಿ, ಗಂಟಲು ಕೊಟ್ವಿ. ಊಟಕ್ಕೆ ಕರೆದ ಮನೆಯಲ್ಲಿ ಅಡುಗೆ ಚೆನ್ನಾಗಿದ್ದಾಗ ಅತಿಥಿ ಏನು ಮಾಡ್ತಾನೋ ಅದನ್ನೇ ಮಾಡಿದ್ವಿ. 2017ರಲ್ಲಿ ಕ್ಲಬ್ಬು ಐ-ಲೀಗ್ ಬಿಟ್ಟು, ಬಿಡ್ ಸಲ್ಲಿಸಿ, ಫ್ರಾಂಚೈಸಿಯಾಗಿ ಐಎಸ್‌ಎಲ್‌ಗೆ ಹೋಯಿತು. ಸೋತರೆ ಕೆಳಗಿಳಿಯುವ ಭಯ ಇಲ್ಲದ, ಕೆಳಗಿನವರು ಗೆದ್ದು ಮೇಲೆ ಬರುವ ದಾರಿಯೂ ಇಲ್ಲದ ಲೀಗ್ ಅದು. ಅವತ್ತು ನಾವ್ಯಾರೂ ‘ಒಂದು ನಿಮಿಷ, ಇದರ ಲೆಕ್ಕ ಹೇಳಿ’ ಅನ್ನಲಿಲ್ಲ. ಟಿವಿಯಲ್ಲಿ ಚೆನ್ನಾಗಿ ಕಾಣ್ತೀವಿ ಅಂತ ಖುಷಿಪಟ್ಟೆವು. 2019ರ ಮಾರ್ಚ್‌ನಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಗೋವಾ ಮೇಲೆ ಹೆಡ್ ಮಾಡಿದ ಗೋಲಿಗೆ ಕಪ್ಪೂ ಬಂತು, ಪ್ರಶ್ನೆ ಇನ್ನಷ್ಟು ಹಿಂದಕ್ಕೆ ಹೋಯಿತು.

ನಮ್ಮ ಕಣ್ಣು ಎಷ್ಟು ಕಿರಿದಾಯ್ತು ಅನ್ನೋದಕ್ಕೆ ಎರಡು ದಿನಾಂಕ ಸಾಕು. 2023ರ ಮಾರ್ಚ್ 3, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪ್ಲೇಆಫ್. ಎಕ್ಸ್‌ಟ್ರಾ ಟೈಮಿನಲ್ಲಿ ಛೆಟ್ರಿ ಗೋಡೆ ನಿಲ್ಲುವ ಮೊದಲೇ ಫ್ರೀಕಿಕ್ ಹೊಡೆದರು, ಕೇರಳದವರು ಮೈದಾನ ಬಿಟ್ಟೇ ಹೊರಟುಹೋದರು. ಆ ರಾತ್ರಿಯಿಡೀ, ಮಾರನೇ ದಿನವಿಡೀ, ಆ ಗೋಲು ಸರಿಯೋ ತಪ್ಪೋ ಅಂತ ಫೋನ್ ಬಿಸಿಯಾಗೋವರೆಗೂ ಕಿತ್ತಾಡಿದೆವು. ಆ ಮಾರನೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ನಮ್ಮ ಗುಂಪಿನಲ್ಲಿ ಅದರ ಬಗ್ಗೆ ಬಂದಿದ್ದು ಒಂದೇ ಮೆಸೇಜು, ಅದಕ್ಕೆ ಮೂರು ಲೈಕು. ಅದರಲ್ಲಿ ನಂದೂ ಇರಲಿಲ್ಲ.

ಈ ಊರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ ಅನ್ನೋದು ನಮಗೆ ಆಗಲೇ ಮರೆತಿತ್ತು. 1937 ಮತ್ತು 1938ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ತಂದವರು ಬೆಂಗಳೂರ್ ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ನಿಂತಿದೆ. ಆಮೇಲೆ ಐಟಿಐ, ಎಚ್‌ಎಎಲ್ ತಂಡಗಳ ಕಾಲ. ಅಲ್ಲಿ ಚೆನ್ನಾಗಿ ಆಡಿದರೆ ಕಾರ್ಖಾನೆಯಲ್ಲಿ ಕೆಲಸ ಸಿಗೋದು, ಮಂಡಿ ಹೋದರೂ ಕೆಲಸ ಉಳಿಯೋದು.

ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಆ ಟೀಮುಗಳ ಮಾಲೀಕ ಸರ್ಕಾರವೇ. ಖಾಲಿ ಸ್ಟ್ಯಾಂಡು, ಕೆಟ್ಟ ಮೈದಾನ, ಕೊನೆಗೆ ಐ-ಲೀಗ್‌ನಿಂದ ಕೆಳಗಿಳಿದ ಎಚ್‌ಎಎಲ್, ಇದಕ್ಕೆಲ್ಲ ಕಣ್ಣೀರು ಹಾಕಿದವರು ಬೆರಳೆಣಿಕೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಬಳ ನಿಂತಾಗ ಕರಾರಿನ ಮೇಲೆ ಆಡುವ ಹುಡುಗನಿಗೂ ಆ ಹಳೇ ಫ್ಯಾಕ್ಟರಿ ಆಟಗಾರನಿಗೂ ಇರುವ ದೂರ ಏನು ಅಂತ ಗೊತ್ತಾಯ್ತು. ಐಟಿ ಕಂಪನಿಯಲ್ಲಿ ಬೆಂಚ್ ಮೇಲೆ ಕೂತವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ನಮ್ಮ ಇನ್ನೊಂದು ತಮಾಷೆ ಹೇಳಬೇಕು. ಶನಿವಾರ ರಾತ್ರಿ ಕೋರಮಂಗಲದ ಪಬ್ಬಿಗೆ ಹೋಗಿ ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್ ಜೆರ್ಸಿ ಹಾಕಿಕೊಂಡ ನನ್ನ ಸಹೋದ್ಯೋಗಿಗಳು ಗ್ಲೇಜರ್ ಕುಟುಂಬ 2005ರಲ್ಲಿ ಸಾಲ ಮಾಡಿ ಕ್ಲಬ್ ಕೊಂಡು ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದ್ದನ್ನು ಅಂಕಿ-ಅಂಶದ ಸಮೇತ ಹೇಳ್ತಾರೆ. ಮೇಜು ಗುದ್ದುತ್ತಾರೆ. ಅದೇ ಊರಿನ ಕಂಠೀರವಕ್ಕೆ ಅವರಲ್ಲಿ ಅರ್ಧ ಜನ ಬಂದಿಲ್ಲ. ದೂರದ ಮಾಲೀಕನ ಮೇಲಿನ ಸಿಟ್ಟಿಗೆ ಖರ್ಚಿಲ್ಲ ನೋಡಿ, ಮುಂದಿನ ರೌಂಡ್ ಬಂದಾಗ ಇಳಿದುಹೋಗುತ್ತೆ.

ಅಲ್ಲಿನವರ ಸಿಟ್ಟಿಗೆ ಖರ್ಚಿದೆ. 2021ರ ಏಪ್ರಿಲ್‌ನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್‌ಗಳು ಸೂಪರ್ ಲೀಗ್ ಕಟ್ಟುತ್ತೇವೆ ಅಂದಾಗ ಇಂಗ್ಲೆಂಡಿನ ಅಭಿಮಾನಿಗಳು ಸ್ಟೇಡಿಯಂ ಬಾಗಿಲಿಗೆ ಬಂದು ನಿಂತರು, ಎರಡು ದಿನದಲ್ಲಿ ಆರೂ ಇಂಗ್ಲಿಷ್ ಕ್ಲಬ್ ಹಿಂದೆ ಸರಿದವು. ವಿಂಬಲ್ಡನ್ ಕ್ಲಬ್ಬನ್ನು 2002ರಲ್ಲಿ ಬೇರೆ ಊರಿಗೆ ಎತ್ತಿಕೊಂಡು ಹೋಗಲು ಅನುಮತಿ ಸಿಕ್ಕಾಗ ಅಭಿಮಾನಿಗಳೇ ತಮ್ಮದೊಂದು ಕ್ಲಬ್ ಕಟ್ಟಿದರು, ತೀರಾ ಕೆಳಗಿನಿಂದ ಶುರುಮಾಡಿ ಒಂಬತ್ತು ವರ್ಷದಲ್ಲಿ ವೃತ್ತಿಪರ ಲೀಗ್ ಮುಟ್ಟಿದರು. ಜರ್ಮನಿಯಲ್ಲಿ ಒಂದೆರಡು ಹಳೇ ವಿನಾಯಿತಿ ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಒಂದು ಮತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು ಅನ್ನೋ ನಿಯಮ ಇದೆ. 2024ರ ಫೆಬ್ರುವರಿಯಲ್ಲಿ ಲೀಗಿಗೆ ಹೂಡಿಕೆದಾರರನ್ನು ತರೋ ಯೋಜನೆ ವಿರೋಧಿಸಿ ಅಲ್ಲಿನವರು ವಾರಗಟ್ಟಲೆ ಮೈದಾನಕ್ಕೆ ಟೆನ್ನಿಸ್ ಬಾಲ್ ಎಸೆದು ಮ್ಯಾಚ್ ನಿಲ್ಲಿಸಿದರು, ಯೋಜನೆ ಬಿದ್ದುಹೋಯಿತು. (ನಮ್ಮೂರಿನಲ್ಲಿ ಟೆನ್ನಿಸ್ ಬಾಲ್ ಎಸೆದರೆ ಬ್ಯಾಟ್ ಹಿಡಿದು ನಾಲ್ಕು ಜನ ಓಡಿಬರುತ್ತಾರೆ.)

ಜರ್ಮನಿಯ ನಿಯಮ ತಂದು ಇಲ್ಲಿ ಅಂಟಿಸಿದರೆ ಎಲ್ಲ ಸರಿಹೋಗುತ್ತೆ ಅಂತ ನಂಬುವಷ್ಟು ಮುಗ್ಧನಲ್ಲ ನಾನು. ಅಲ್ಲಿ ಸದಸ್ಯತ್ವ ತಾತ-ಮುತ್ತಾತರ ಕಾಲದ್ದು, ಇಲ್ಲಿ ಮಾಲೀಕ ಕೈ ಎತ್ತಿದರೆ ಕ್ಲಬ್ಬೇ ಇರಲ್ಲ. ಲೀಗು ಅನ್ನೋ ವ್ಯವಹಾರದಲ್ಲಿ ಕ್ಲಬ್ಬಿನ ಮಾಲೀಕರೂ ಕೈ ಸುಟ್ಟುಕೊಂಡವರೇ. ನನ್ನ ತಕರಾರು ಅದಕ್ಕಿಂತ ಸಣ್ಣದು. ಟೀಮು ಯಾರ ಹೆಸರಲ್ಲಾದರೂ ಇರಲಿ, ಬಲ್ಬಿನ ಕೆಳಗೆ ನಿಂತು ಲೆಕ್ಕ ಓದೋ ಒಂದು ಸಂಜೆ ಬೇಕು. ಇಂತಿಷ್ಟು ಬಂತು, ಇಂತಿಷ್ಟು ಹೋಯ್ತು, ಕರಾರು ಇಂಥ ದಿನ ಮುಗಿಯುತ್ತೆ, ಮುಗಿದ ಮೇಲೆ ಹೀಗೆ ಮಾಡ್ತೀವಿ. ಸೀಸನ್ ಟಿಕೆಟ್ ತಗೊಂಡವನು ಎದ್ದು ‘ಅದ್ಯಾಕೆ?’ ಅನ್ನಬೇಕು, ಅವನಿಗೆ ಉತ್ತರ ಸಿಗಬೇಕು.

2018ರ ಜೂನ್‌ನಲ್ಲಿ ಛೆಟ್ರಿ ಒಂದು ವಿಡಿಯೋ ಹಾಕಿದ್ದರು, ನೆನಪಿದೆಯಾ? ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ ನಮ್ಮನ್ನು ಬೇಡಿಕೊಂಡಿದ್ದರು. 2026ರ ಜನವರಿಯಲ್ಲಿ ಅವರೂ, ಗುರುಪ್ರೀತ್ ಸಂಧುವೂ, ಸಂದೇಶ್ ಜಿಂಗನ್ನೂ ಇನ್ನೊಂದು ವಿಡಿಯೋದಲ್ಲಿ ಕಾಣಿಸಿಕೊಂಡರು. ಈ ಸಲ ಭಾರತದ ಫುಟ್‌ಬಾಲನ್ನು ಉಳಿಸಿ ಅಂತ ಕೇಳಿದ್ದು ಫಿಫಾವನ್ನು. ನಮ್ಮನ್ನು ಕೇಳಿ ಏನು ಪ್ರಯೋಜನ ಅಂತ ಅವರಿಗೂ ಗೊತ್ತಾಗಿರಬೇಕು. ಅದಾದ ಕೆಲವೇ ದಿನಕ್ಕೆ ಕ್ರೀಡಾ ಸಚಿವರು, ಫೆಬ್ರುವರಿ 14ರಿಂದ ಹದಿನಾಲ್ಕು ಕ್ಲಬ್‌ಗಳ ಮೊಟಕಾದ ಲೀಗ್ ಅಂತ ಪ್ರಕಟಿಸಿದರು. ನಮ್ಮ ಗುಂಪಿನಲ್ಲಿ ಡ್ರಮ್ಮಿನ ಇಮೋಜಿ ಸುರಿಮಳೆ. ಯಾರ ದುಡ್ಡು, ಎಷ್ಟು ವರ್ಷಕ್ಕೆ, ಮುಂದಿನ ಸೀಸನ್ ಕಥೆ ಏನು ಅಂತ ಒಬ್ಬನೂ ಕೇಳಲಿಲ್ಲ. ನಾನು ಕೇಳಿದೆ. ‘ಮಗಾ ಮೂಡ್ ಹಾಳು ಮಾಡ್ಬೇಡ’ ಅಂತ ಬಂತು.

ಸಂಕ್ರಾಂತಿಗೆ ಊರಿಗೆ ಹೋದಾಗ ಲೀಗ್ ಶುರುವಾಗುತ್ತಂತೆ ಅಂತ ಮಾವನಿಗೆ ಹೇಳಿದೆ. ಬೈಕಿನಲ್ಲಿ ಗುರುಪುರದ ಕಡೆ ಹೋಗ್ತಿದ್ವಿ. ಮೈದಾನದಲ್ಲಿ ಹುಡುಗರು ಆಡ್ತಾ ಇದ್ದರು, ಇಬ್ಬರ ಬೆನ್ನ ಮೇಲೆ ಛೆಟ್ರಿಯ 11. ಅವರದೂ ಒಂದು ದೇಶದ ತಂಡ ಇದೆ, ಫಿಫಾ ಒಪ್ಪದ ತಂಡ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ಎದುರು 1-4ರಿಂದ ಸೋತಿತ್ತು, ಇನ್ನೂ ಆಡ್ತಾ ಇದೆ.

ಮಾವ ಗಾಡಿ ನಿಧಾನ ಮಾಡಿ, “ಟಿಕೀಟು ತಗಂಡ್ಯಾ?” ಅಂದರು.

“ಬಿಟ್ಟ ತಕ್ಷಣ ತಗೋತೀನಿ ಮಾವ.”

“ಲೆಕ್ಕ ಕೇಳ್ದ?”

ಅಷ್ಟರಲ್ಲಿ ಬಾಲು ಬೇಲಿ ಹಾರಿ ರಸ್ತೆಗೆ ಬಂತು. ನಾನು ಇಳಿದು ಒದ್ದು ವಾಪಸ್ ಕೊಟ್ಟೆ.