ಜಾರುವ ನೆಲ ಮತ್ತು ಕಾಲೊರಸು: ಕೊಳ್ಳೇಗಾಲ ಸೀಮೆಯ ರೂಢಿ

ಅಂಗಡಿ, ಹೋಟೆಲು, ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಹಾಸುವ ಕಾಲೊರಸಿಗೆ ಎರಡು ಕೆಲಸ. ಅಂಗಾಲಿನ ಮಣ್ಣನ್ನು ಕೆರೆದು ತೆಗೆಯಬೇಕು, ಉಳಿದ ತೇವವನ್ನು ಹೀರಬೇಕು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಲವು ಕಟ್ಟಡಗಳಲ್ಲಿ ಈ ಜಾಗಕ್ಕೆ ಬೀಳುವುದು ಮಡಿಚಿದ ಗೋಣಿಚೀಲ, ಹಳೆಯ ಬಟ್ಟೆ ಅಥವಾ ಎರಡಡಿಯ ತೆಳು ಮ್ಯಾಟು. ಇವು ಬೀಳುವುದನ್ನು ತಡೆಯುವುದಕ್ಕಿಂತ ಬೀಳಿಸುವುದೇ ಹೆಚ್ಚು.

ತೊಂದರೆ ಶುರುವಾಗುವುದು ನೆಲದಿಂದ. ಚಾಮರಾಜನಗರ ಜಿಲ್ಲೆ ಕರಿಕಲ್ಲಿಗೆ ಹೆಸರುವಾಸಿ. ಪಾಲಿಶ್ ಮಾಡಿದ ಗ್ರಾನೈಟಾಗಲಿ ಹೊಳೆಯುವ ವಿಟ್ರಿಫೈಡ್ ಟೈಲ್ಸಾಗಲಿ ಒಣಗಿದ್ದಾಗ ಕಾಲಿಗೆ ಹಿಡಿತ ಕೊಡುತ್ತದೆ. ನೀರು ಬಿದ್ದರೆ ಪಾದಕ್ಕೂ ಕಲ್ಲಿಗೂ ನಡುವೆ ತೆಳುವಾದ ಪೊರೆ ಕಟ್ಟಿ ಹಿಡಿತ ತಪ್ಪುತ್ತದೆ. ದೂಳೂ ಬೆರೆತರೆ ಇನ್ನೂ ಕಷ್ಟ. ಒದ್ದೆಯಾಗುವ ಒಳಾಂಗಣದ ಸಮತಟ್ಟು ಟೈಲ್ಸಿಗೆ ಅಮೆರಿಕದ ಮಾನದಂಡ ಕನಿಷ್ಠ 0.42 ಘರ್ಷಣಾಂಕ ಕೇಳುತ್ತದೆ. ಇಲ್ಲಿ ಕಲ್ಲು ಕೊಳ್ಳುವವರು ನೋಡುವುದು ಮುಖ ಕಾಣುವಷ್ಟು ಹೊಳಪಿದೆಯೇ ಎಂದು ಮಾತ್ರ.

ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಗಳಂಥ ಕಡೆ ಇನ್ನೊಂದು ಸಂಗತಿ ಸೇರುತ್ತದೆ. ಗಿರಾಕಿ ಚಪ್ಪಲಿಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಾರೆ. ಮ್ಯಾಟು ತಯಾರಕರ ಸಲಹೆಗಳೆಲ್ಲ ಬೂಟುಗಾಲಿನವರಿಗಾಗಿ ಬರೆದವು: ಹತ್ತು ಹದಿನೈದು ಅಡಿ ಉದ್ದ ಹಾಸಿ, ನಡೆಯುತ್ತಲೇ ಮಣ್ಣು ಉದುರಲಿ ಎನ್ನುತ್ತವೆ. ಬರಿಗಾಲಿನ ಊರಲ್ಲಿ ಜಾರುವ ಜಾಗವೇ ಬೇರೆ. ಸೆಪ್ಟೆಂಬರ್-ಅಕ್ಟೋಬರಿನ ಮಳೆಯಲ್ಲಿ ನೆನೆದು ಬಂದವರು ಒಂದು ಕಾಲೆತ್ತಿ ಚಪ್ಪಲಿ ಕಳಚುವ ಮೆಟ್ಟಿಲು ಅದು. ದೇಹದ ಭಾರವೆಲ್ಲ ಒಂಟಿ ಒದ್ದೆಗಾಲಿನ ಮೇಲಿರುತ್ತದೆ. ಮ್ಯಾಟು ಮಾತ್ರ ಒಂದು ಹೆಜ್ಜೆ ಆಚೆ, ಹೊಸ್ತಿಲೊಳಗೆ ಬಿದ್ದಿರುತ್ತದೆ. ಕೆರೆಯುವ ನಾರಿನ ಹಾಸು ಆ ಮೆಟ್ಟಿಲಿನ ಮೇಲಿರಬೇಕು, ಹೀರುವ ಹಾಸು ಒಳಗೆ.

ಹಾಸೂ ಬೀಳಿಸಬಲ್ಲದು. ರಬ್ಬರ್ ತಳವಿಲ್ಲದ ಬಟ್ಟೆ ನಯವಾದ ಗ್ರಾನೈಟಿನ ಮೇಲೆ ಕಾಲಿನ ಜೊತೆಗೇ ಸರಿಯುತ್ತದೆ. ಅಂಚು ಮುದುರಿದ್ದರೆ ಸೀರೆಯುಟ್ಟವರ, ವಯಸ್ಸಾದವರ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಹಾಸಿದ ಗೋಣಿ ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ತುಂಬಿರುತ್ತದೆ. ಪಾದ ಒತ್ತಿದರೆ ಅಂಚಿನಲ್ಲಿ ನೀರು ಒಸರುತ್ತದೆ. ಹಾಗೆ ಒಸರಿತೆಂದರೆ ಅದನ್ನು ಆಗಲೇ ಬದಲಿಸಬೇಕು.

ಸರಕಿನ ಆಯ್ಕೆಯೂ ಮೂರು ತಾಲ್ಲೂಕಿಗೆ ಒಂದೇ ಆಗಲಾರದು. ಬಯಲಿನಲ್ಲಿ ತೆಂಗಿನ ನಾರಿನ ಮ್ಯಾಟು ಬಿಸಿಲಿಗೆ ಬೇಗ ಒಣಗುತ್ತದೆ, ಅಗ್ಗವೂ ಹೌದು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಮಂಜಿನಲ್ಲಿ ಅದೇ ನಾರು ಒಣಗದೆ ಬೂಷ್ಟು ಹಿಡಿಯುತ್ತದೆ. ಅಲ್ಲಿನ ವಸತಿಗೃಹಗಳಿಗೆ ರಬ್ಬರ್ ತಳದ ಪಾಲಿಪ್ರೊಪಿಲೀನ್ ಮ್ಯಾಟು ಮೇಲು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಅಂತರಗಂಗೆಯಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲೇ ಓಡಾಡುತ್ತಾರೆ. ಅಮಾವಾಸ್ಯೆ, ಶಿವರಾತ್ರಿಯ ಜನಜಂಗುಳಿಗೆ ಯಾವ ಹೀರುವ ಹಾಸೂ ಸಾಲದು. ನೀರು ಕೆಳಗಿಳಿದು ಹೋಗುವ ತೂತಿನ ರಬ್ಬರ್ ಹಾಸು ಮತ್ತು ಅದರಡಿ ಇಳಿಜಾರು ಬೇಕು.

ಕಲ್ಯಾಣ ಮಂಟಪಗಳಲ್ಲಿ ಅತಿ ಅಪಾಯದ ಜಾಗ ಕೈತೊಳೆಯುವ ತೊಟ್ಟಿಯ ಮುಂದಿನದು. ಎಲೆ ಎತ್ತುವಾಗ ಚೆಲ್ಲಿದ ಸಾರು, ಪಾಯಸ, ಎಣ್ಣೆ ಪಂಕ್ತಿಯಿಂದ ಎದ್ದವರ ಕಾಲಿಗಂಟಿ ಅಲ್ಲಿಗೆ ಬರುತ್ತವೆ. ಬಾಗಿಲಿಗೆ ಕೆಂಪು ಹಾಸು ಹಾಸುವವರು ಈ ಮೂಲೆಯನ್ನು ಮರೆಯುತ್ತಾರೆ. ಜಿಡ್ಡಿಗೆ ಮ್ಯಾಟು ಮದ್ದಲ್ಲ. ಸೋಪಿನ ನೀರಲ್ಲಿ ತೊಳೆದು ಒರೆಸಿದ ಮೇಲಷ್ಟೇ ಅದರ ಉಪಯೋಗ.

ನೆಲ ಜಾರದಂತೆ ಇಡುವುದು ಮಾಲೀಕರ ಹೊಣೆ ಎಂಬುದು ಹೊಸ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ಕಾರ್ಮಿಕರು ಜಾರಿ ಬೀಳುವಂಥ ವಸ್ತುಗಳು ನೆಲದ ಮೇಲೆ ಇರಬಾರದೆಂದು ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ; ಅವರಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಹೊಸದಾಗಿ ಕಟ್ಟುವವರು ಬಾಗಿಲ ಮುಂದಿನ ನಾಲ್ಕೈದು ಅಡಿಗಾದರೂ ಪಾಲಿಶ್ ಬಿಟ್ಟು, ಬೆಂಕಿಯಲ್ಲಿ ಒರಟು ಮಾಡಿದ ಗ್ರಾನೈಟ್ ಹಾಕಿಸಿ ಮೇಲೊಂದು ಸಜ್ಜಾ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಈಗಾಗಲೇ ಕಟ್ಟಿದವರು ರಬ್ಬರ್ ತಳದ ಮ್ಯಾಟುಗಳನ್ನು ಎರಡು ಜೊತೆ ಕೊಂಡು, ಒಂದು ಒಣಗುವಾಗ ಇನ್ನೊಂದನ್ನು ಹಾಸಲಿ, ಗೋಣಿಚೀಲವನ್ನು ಬಾಗಿಲಿನಿಂದ ತೆಗೆಯಲಿ.