ಅರ್ಧ ಗಂಟೆಯ ಬಿಡುವು, ಒಂದು ಕಠಿಣ ಆಟ

ವಿಡಿಯೋ ಗೇಮ್ ಎಂದೊಡನೆ ಅದು ಹುಡುಗರ ಕಾಲಹರಣವೆಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ. ಆದರೆ ಹಗಲೆಲ್ಲ ದುಡಿದು, ಮಕ್ಕಳನ್ನು ಮಲಗಿಸಿ, ರಾತ್ರಿ ಅರ್ಧ ಗಂಟೆಯ ಬಿಡುವಿನಲ್ಲಿ ಆಡಲು ಕೂರುವ ತಂದೆ ತಾಯಂದಿರೂ ಇಂದು ಇದ್ದಾರೆ. ಅಂತಹವರ ದೃಷ್ಟಿಯಿಂದ ಒಂದು ಆಟವನ್ನು ಇಲ್ಲಿ ಪರಿಶೀಲಿಸೋಣ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ಹಿಡೆಟಾಕಾ ಮಿಯಾಜಾಕಿಯವರ ನಿರ್ದೇಶನದಲ್ಲಿ 2022ರಲ್ಲಿ ‘ಎಲ್ಡನ್ ರಿಂಗ್’ ಎಂಬ ಆಟವನ್ನು ಹೊರತಂದಿತು. ಅದರ ವಿಸ್ತರಣೆಯಾದ ‘ಷ್ಯಾಡೋ ಆಫ್ ದಿ ಎರ್ಡ್‌ಟ್ರೀ’ 2024ರ ಜೂನ್ 21ರಂದು ಬಿಡುಗಡೆಯಾಯಿತು. ಮೂಲ ಆಟದಲ್ಲಿ ರಡಾನ್ ಮತ್ತು ಮೋಗ್ ಎಂಬಿಬ್ಬರು ಬಲಾಢ್ಯರನ್ನು ಸೋಲಿಸಿದವರಿಗಷ್ಟೇ ಇದರೊಳಗೆ ಪ್ರವೇಶ. ಒಳಹೊಕ್ಕ ಮೇಲೆ ಹಿಂದೆ ಗಳಿಸಿದ ಬಲವೂ ಸಾಲದಾಗುತ್ತದೆ. ಕಾಠಿಣ್ಯದ ಬಗ್ಗೆ ದೂರುಗಳೆದ್ದವು. ವಾರದೊಳಗೇ ಸಂಸ್ಥೆಯು ಆಟಗಾರನ ಆರಂಭದ ಬಲವರ್ಧನೆಯನ್ನು ಹೆಚ್ಚಿಸಬೇಕಾಯಿತು.

ಹಾಗಾದರೆ ಬಿಡುವಿಲ್ಲದವರಿಗೆ ಇದು ಎಟುಕದ ಹಣ್ಣೇ? ಅಲ್ಲವೆಂದು ನನ್ನ ಅಭಿಪ್ರಾಯ. ಈ ನೆರಳಿನ ನಾಡಿನಲ್ಲಿ ‘ಸ್ಕಾಡುಟ್ರೀ’ ಎಂಬ ಮರದ 50 ತುಣುಕುಗಳು ಅಲ್ಲಲ್ಲಿ ಹರಡಿವೆ. ಅವನ್ನು ಆರಿಸಿ ವಿಶ್ರಾಂತಿಯ ತಾಣಕ್ಕೆ ತಂದರೆ ಆಟಗಾರನ ಶಕ್ತಿ 20 ಹಂತಗಳವರೆಗೆ ಏರುತ್ತದೆ. ಅರ್ಧ ಗಂಟೆಯಲ್ಲಿ ದೊಡ್ಡ ಶತ್ರುವನ್ನು ಗೆಲ್ಲುವುದು ಕಷ್ಟ. ಆದರೆ ಒಂದು ತುಣುಕನ್ನು ಹುಡುಕಿ ತರುವುದು ಸಾಧ್ಯ. ಬೆರಳುಗಳ ಚುರುಕು ಅಭ್ಯಾಸ ತಪ್ಪಿದರೆ ಕುಂದಬಹುದು. ಕೂಡಿಟ್ಟ ತುಣುಕು ಕರಗುವುದಿಲ್ಲ. ಸಂಚಾರದ ನಡುವೆ ಆಟ ಮುಚ್ಚಿದರೆ ಮರುದಿನ ಅದೇ ಜಾಗದಿಂದ ಮುಂದುವರಿಯಬಹುದು. ಆದುದರಿಂದ ದುಡಿಮೆಯ ದಿನಗಳನ್ನು ಅಲೆದಾಟಕ್ಕೂ ರಜೆಯ ದಿನವನ್ನು ಕಾಳಗಕ್ಕೂ ಮೀಸಲಿಡುವುದು ಜಾಣತನ. ದಿನದ ಅಲ್ಪ ಪ್ರಯತ್ನಕ್ಕೂ ಬೆಲೆ ಕೊಟ್ಟಿರುವುದೇ ಈ ಕೃತಿಯ ನಿಜವಾದ ಹಿರಿಮೆ.

ಆದರೆ ಒಂದು ದೋಷವನ್ನು ಹೇಳದೆ ಇರಲಾರೆ. ಕಾಳಗದ ನಡುವೆ ಆಟವನ್ನು ನಿಲ್ಲಿಸಿಡಲು ಇದರಲ್ಲಿ ಸರಳವಾದ ಗುಂಡಿಯೊಂದಿಲ್ಲ. ಸಲಕರಣೆಗಳ ಪಟ್ಟಿಯನ್ನು ತೆರೆದು ನೋಡುತ್ತಿದ್ದರೂ ಶತ್ರುವಿನ ಕತ್ತಿ ಬೀಸುತ್ತಲೇ ಇರುತ್ತದೆ. ದೊಡ್ಡ ಕಾಳಗದ ಮಧ್ಯೆ ಹೊರಬಂದರೆ ಮತ್ತೆ ಮೊದಲಿನಿಂದಲೇ ಆರಂಭ. ಕಷ್ಟವನ್ನು ಒಡ್ಡುವುದು ಕಲೆಗಾರನ ಹಕ್ಕು, ಒಪ್ಪೋಣ. ಆದರೆ ಆಡುವವನಿಗೊಂದು ಮನೆಯಿದೆ, ಮನೆಯಲ್ಲಿ ಜನರಿದ್ದಾರೆ ಎಂಬುದನ್ನು ಮರೆಯುವುದು ಕಲೆಯ ಗಾಂಭೀರ್ಯವಲ್ಲ, ಅದರ ಕೊರತೆ.

ಒಳಕೋಣೆಯಲ್ಲಿ ಮಗು ಅಳುತ್ತದೆ ಎಂದುಕೊಳ್ಳಿ. ತೆರೆಯ ಮೇಲೆ ಶತ್ರುವಿನ ಬಲ ಇನ್ನೇನು ಮುಗಿಯಬೇಕು. ಆಗ ಏನು ಮಾಡುವಿರಿ? ಕೈಯಲ್ಲಿದ್ದುದನ್ನು ಕೆಳಗಿಟ್ಟು ಏಳಿರಿ. ನಿಮ್ಮ ವೀರ ಸಾಯಲಿ. ಅವನು ಕಳೆದುಕೊಂಡ ‘ರೂನ್’ಗಳು ಬಿದ್ದಲ್ಲೇ ಇರುತ್ತವೆ, ಮತ್ತೊಮ್ಮೆ ಸಾಯದೆ ಅಲ್ಲಿಗೆ ತಲುಪಿದರೆ ಪುನಃ ನಿಮ್ಮವೇ. ಅವೂ ಹೋದರೆ ಹೋಗಲಿ. ಹೀಗೆ ಎದ್ದು ಹೋಗಬಲ್ಲಿರಾದರೆ, ಓದುಗ ಮಿತ್ರರೇ, ಈ ಕಠಿಣ ಆಟವನ್ನು ನೀವು ನಿಶ್ಚಿಂತೆಯಿಂದ ಆಡಬಹುದು.