ಗೆಳತಿಯ ಬಾಯಲ್ಲಿ ಉಳಿದ ಹೆಸರು: ಅಗಾಥಾ ಕ್ರಿಸ್ಟಿಯ ಒಂದು ಕಾದಂಬರಿ ಮತ್ತು ಅನುವಾದದ ಪ್ರಶ್ನೆ

1950ರಲ್ಲಿ ಪ್ರಕಟವಾದ ಅಗಾಥಾ ಕ್ರಿಸ್ಟಿಯವರ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ ಕಾದಂಬರಿಯನ್ನು ಓದುಗರು ಹೆಚ್ಚಾಗಿ ನೆನೆಯುವುದು ಅದರ ಆರಂಭದ ಚಮತ್ಕಾರಕ್ಕಾಗಿ. ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಎಂಬ ಇಂಗ್ಲಿಷ್ ಹಳ್ಳಿಯ ಪತ್ರಿಕೆಯಲ್ಲಿ ಒಂದು ಶುಕ್ರವಾರ ವಿಚಿತ್ರವಾದ ಜಾಹೀರಾತು ಕಾಣಿಸಿಕೊಳ್ಳುತ್ತದೆ: ಅಂದು ಸಂಜೆ 6.30ಕ್ಕೆ ‘ಲಿಟ್ಲ್ ಪ್ಯಾಡಾಕ್ಸ್’ ಮನೆಯಲ್ಲಿ ಕೊಲೆ ನಡೆಯಲಿದೆ. ನೆರೆಹೊರೆಯವರು ಅದನ್ನು ಆಟವೆಂದು ಬಗೆದು ಬಂದು ಸೇರುತ್ತಾರೆ. ದೀಪಗಳು ಆರುತ್ತವೆ, ಗುಂಡಿನ ಸದ್ದು ಕೇಳುತ್ತದೆ. ಬೆಳಕು ಬಂದಾಗ ಬೆದರಿಸಲು ಬಂದಿದ್ದ ಸ್ವಿಸ್ ಯುವಕನೇ ಸತ್ತು ಬಿದ್ದಿರುತ್ತಾನೆ. ಆದರೆ ಕೊಂದವರು ಯಾರು ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಒಬ್ಬ ವ್ಯಕ್ತಿ ತಾನು ಹೇಳಿಕೊಳ್ಳುವ ವ್ಯಕ್ತಿಯೇ ಹೌದು ಎಂಬುದಕ್ಕೆ ಸಾಕ್ಷಿ ಯಾರು? ದಾಖಲೆಗಳಲ್ಲ, ಗೆಳತಿಯರ ಆಡುಮಾತು ಎಂಬುದು ಕಾದಂಬರಿ ಕೊಡುವ ಉತ್ತರ. ಅದರ ಬಲವೂ ಮಿತಿಯೂ ಈ ಉತ್ತರದಲ್ಲಿಯೇ ಇವೆ.

ಕಥೆಯ ಹಿನ್ನೆಲೆ ಯುದ್ಧಾನಂತರದ ಬ್ರಿಟನ್. ಪಡಿತರ ಇನ್ನೂ ಮುಗಿದಿರಲಿಲ್ಲ. ಯುದ್ಧಕಾಲದ ಗುರುತಿನ ಚೀಟಿಗಳು 1952ರವರೆಗೂ ಚಲಾವಣೆಯಲ್ಲಿದ್ದವು. ಹದಿನೈದು ವರ್ಷಗಳ ಹಿಂದೆ ಊರಿನಲ್ಲಿ ಯಾರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು, ಈಗ ಬಂದವರು ತಮ್ಮ ಬಗ್ಗೆ ಹೇಳಿದ್ದನ್ನೇ ನಂಬಬೇಕಾಗಿದೆ ಎಂದು ಹವ್ಯಾಸಿ ಪತ್ತೇದಾರಿಣಿ ಮಿಸ್ ಮಾರ್ಪಲ್ ವಿವರಿಸುವ ಭಾಗ ಪ್ರಸಿದ್ಧವಾದುದು. ಇದನ್ನು ಹಳೆಯ ಕಾಲದ ಹಂಬಲವೆಂದಷ್ಟೇ ಓದುವುದು ಸುಲಭ. ಎರಡು ಮಹಾಯುದ್ಧಗಳ ನಡುವಣ ಇಂಗ್ಲಿಷ್ ಮಹಿಳಾ ಬರವಣಿಗೆಯ ಸಂಪ್ರದಾಯಶೀಲತೆಯನ್ನು ಅಭ್ಯಸಿಸಿದ ಆಲಿಸನ್ ಲೈಟ್, ಕ್ರಿಸ್ಟಿಯವರಲ್ಲಿ ಆಧುನಿಕತೆಯೂ ಸಮನಾಗಿ ಬೆರೆತಿರುವುದನ್ನು 1991ರಲ್ಲಿಯೇ ತೋರಿಸಿದ್ದಾರೆ. 1950ರ ಈ ಕೃತಿ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಇಲ್ಲಿ ಸುಳ್ಳು ಗುರುತಿನಲ್ಲಿ ಬದುಕುವವಳು ಹೊರಗಿನಿಂದ ಬಂದ ಅಪರಿಚಿತೆಯಲ್ಲ. ಊರಿನವರ ಗೌರವ ಗಳಿಸಿದ, ಅವರದೇ ವರ್ಗದ ಮನೆಯೊಡತಿ.

ಮನೆಯೊಡತಿ ಲೆಟೀಶಿಯಾ ಬ್ಲ್ಯಾಕ್‌ಲಾಕ್ ವಾಸ್ತವವಾಗಿ ಆಕೆಯ ತಂಗಿ ಷಾರ್ಲಟ್. ಗಳಗಂಡದಿಂದ ಯೌವನವನ್ನೆಲ್ಲ ಮರೆಯಲ್ಲಿ ಕಳೆದ ಷಾರ್ಲಟ್, ಸ್ವಿಟ್ಜರ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಪಡೆದು ಗುಣವಾಗುತ್ತಾಳೆ. ಅಲ್ಲಿಯೇ ಅಕ್ಕ ತೀರಿಕೊಳ್ಳುತ್ತಾಳೆ. ಅಕ್ಕನಿಗೆ ಬರಬೇಕಾಗಿದ್ದ ದೊಡ್ಡ ಆಸ್ತಿಗಾಗಿ ತಂಗಿ ಅಕ್ಕನ ಹೆಸರನ್ನು ತೊಡುತ್ತಾಳೆ. ಇಲ್ಲೊಂದು ಸೂಕ್ಷ್ಮವಿದೆ: ಊರಿನವರು ಕರೆಯುವ ‘ಮಿಸ್ ಬ್ಲ್ಯಾಕ್‌ಲಾಕ್’ ಎಂಬ ಹೆಸರು ಅಕ್ಕನಿಗೂ ತಂಗಿಗೂ ಸಲ್ಲುವಂಥದು. ಸಾರ್ವಜನಿಕ ಸಂಬೋಧನೆ ಸುಳ್ಳನ್ನೂ ಹೇಳುವುದಿಲ್ಲ, ಸತ್ಯವನ್ನೂ ಹೇಳುವುದಿಲ್ಲ. ಸತ್ಯ ಉಳಿದಿರುವುದು ಸಲುಗೆಯ ಕರೆಯಲ್ಲಿ ಮಾತ್ರ. ಆ ಸಲುಗೆಯ ಹಕ್ಕಿರುವುದು ಶಾಲಾದಿನಗಳ ಗೆಳತಿ ಡೋರಾ ಬನ್ನರ್‌ಗೆ. ಬಡತನದಲ್ಲಿದ್ದ ಡೋರಾಳನ್ನು ಷಾರ್ಲಟ್ ಮನೆಗೆ ಕರೆತಂದದ್ದು ಒಂಟಿತನದಿಂದ, ಪ್ರೀತಿಯಿಂದ. ಗುಟ್ಟು ಬಲ್ಲ ಡೋರಾ ‘ಲೆಟಿ’ ಎನ್ನಲು ಶ್ರಮಿಸುತ್ತಾಳೆ. ಆದರೆ ಆಗಾಗ ಹಳೆಯ ‘ಲೊಟಿ’ ನುಸುಳುತ್ತದೆ. ಮುದ್ರಣದೋಷವೆಂದು ಓದುಗರು ದಾಟಿಹೋಗುವ ಆ ಒಂದು ಸ್ವರ ಇಡೀ ಕೃತಿಯ ಕೀಲಿಕೈ.

ಡೋರಾಳ ಮಾತನ್ನು ಎಲ್ಲರೂ ಅರಳುಮರಳೆಂದು ತಳ್ಳಿಹಾಕುತ್ತಾರೆ. ಕಿವಿಗೊಟ್ಟು ಕೇಳುವವರು ಇಬ್ಬರೇ: ಮಿಸ್ ಮಾರ್ಪಲ್ ಮತ್ತು ಕೊಲೆಗಾತಿ. ಮೊದಲನೆಯವಳು ಆ ಮಾತಿನಿಂದ ಸತ್ಯವನ್ನು ಹೆಕ್ಕಿದರೆ, ಎರಡನೆಯವಳು ಅದರಲ್ಲಿ ತನ್ನ ಅಪಾಯವನ್ನು ಕಾಣುತ್ತಾಳೆ. ಗೆಳತಿಯ ಹುಟ್ಟುಹಬ್ಬವನ್ನು ಮನಸಾರೆ ಆಚರಿಸಿ, ಆ ದಿನವೇ ವಿಷದ ಗುಳಿಗೆ ನುಂಗುವಂತೆ ಮಾಡುವ ಷಾರ್ಲಟ್‌ಳ ದುಃಖ ನಟನೆಯಲ್ಲ. ಕೊನೆಗೆ ಆಕೆ ಕುಸಿಯುವುದೂ ಸಾಕ್ಷ್ಯಾಧಾರಗಳಿಂದಲ್ಲ. ಅಡಿಗೆಮನೆಯ ಕಪಾಟಿನಲ್ಲಿ ಅಡಗಿದ ಮಿಸ್ ಮಾರ್ಪಲ್ ಅನುಕರಿಸಿದ ಡೋರಾಳ ದನಿಯಿಂದ.

ಇದೇ ವಿನ್ಯಾಸ ಇನ್ನೊಂದು ಜೋಡಿಯಲ್ಲಿ ಮರುಕಳಿಸುತ್ತದೆ. ಒಟ್ಟಿಗೆ ಬಾಳುವ ಮಿಸ್ ಹಿಂಚ್‌ಕ್ಲಿಫ್ ಮತ್ತು ಮಿಸ್ ಮರ್ಗಟ್ರಾಯ್ಡ್ ತಮ್ಮ ಮನೆಯಲ್ಲಿಯೇ ಆ ಸಂಜೆಯ ಘಟನೆಯನ್ನು ಮತ್ತೆ ಆಡಿ ನೋಡುತ್ತಾರೆ. ಕೋಣೆಯಲ್ಲಿ ಯಾರು ಇದ್ದರೆಂದಲ್ಲ, ಯಾರು ಇರಲಿಲ್ಲವೆಂದು ನೆನಪಿಸಿಕೊಳ್ಳುವ ಅವರ ವಿಧಾನ ಪೊಲೀಸರ ವಿಚಾರಣೆಗಿಂತ ಚುರುಕಾದುದು. ಸತ್ಯ ಹೊಳೆದ ಗಳಿಗೆಯಲ್ಲಿ ಹಿಂಚ್‌ಕ್ಲಿಫ್ ಕಾರು ಹತ್ತಿ ಹೊರಟಿರುತ್ತಾಳೆ. ಆಕೆ ಅಲ್ಲಿರಲಿಲ್ಲವೆಂದು ಮರ್ಗಟ್ರಾಯ್ಡ್ ಕೂಗಿ ಹೇಳಿದ್ದು ಅರ್ಧ ಮಾತ್ರ ತಲುಪುತ್ತದೆ. ಹಿಂಚ್‌ಕ್ಲಿಫ್ ಮರಳುವಷ್ಟರಲ್ಲಿ ಗೆಳತಿಯ ಕೊಲೆಯಾಗಿರುತ್ತದೆ. ಒತ್ತು ಯಾವ ಪದದ ಮೇಲಿತ್ತು ಎಂದು ಮಿಸ್ ಮಾರ್ಪಲ್ ಕೇಳುವ ಪ್ರಶ್ನೆಗೆ ಹಿಂಚ್‌ಕ್ಲಿಫ್ ಬಳಿ ಉತ್ತರವಿಲ್ಲ.

ಕನ್ನಡಕ್ಕೆ ತರುವವರಿಗೆ ಈ ಸ್ಥಳಗಳೇ ಪರೀಕ್ಷೆ. ಕನ್ನಡದಲ್ಲಿ ಒತ್ತು ದನಿಯಲ್ಲಿ ಅಡಗದೆ ‘ಏ’ ಪ್ರತ್ಯಯವಾಗಿ ಹೊರಬೀಳುವುದೇ ರೂಢಿ: ‘ಅವಳೇ ಅಲ್ಲಿರಲಿಲ್ಲ’, ‘ಅವಳು ಅಲ್ಲೇ ಇರಲಿಲ್ಲ’, ‘ಅವಳು ಅಲ್ಲಿ ಇರಲೇ ಇಲ್ಲ’. ಇವುಗಳಲ್ಲಿ ಯಾವುದನ್ನು ಬರೆದರೂ ಒಗಟು ಒಡೆಯುತ್ತದೆ. ಆದ್ದರಿಂದ ಪ್ರತ್ಯಯವಿಲ್ಲದ ಬೋಳು ವಾಕ್ಯವನ್ನೇ ಉಳಿಸಬೇಕು. ಗೌರವದ ತೊಡಕು ಇದಕ್ಕಿಂತ ದೊಡ್ಡದು. ಮರ್ಗಟ್ರಾಯ್ಡ್‌ಳಂಥ ವಿನಯವಂತೆ ಊರಿನ ಗೌರವಾನ್ವಿತ ಮನೆಯೊಡತಿಯನ್ನು ಕನ್ನಡದಲ್ಲಿ ‘ಅವರು’ ಎಂದೇ ಹೇಳಿಯಾಳು. ಆಗ ಶಂಕಿತರು ಹೆಣ್ಣೋ ಗಂಡೋ, ಒಬ್ಬರೋ ಹಲವರೋ ತಿಳಿಯದು. ‘ಅವಳು’ ಎಂದರೆ ಸಾಮಾಜಿಕ ಸಂಬಂಧ ತಪ್ಪುತ್ತದೆ, ‘ಅವರು’ ಎಂದರೆ ಸುಳಿವು ತಪ್ಪುತ್ತದೆ. ‘ಆಕೆ’ ಎಂಬುದು ಇವೆರಡರ ನಡುವಣ ದಾರಿ. ಆದರೆ ಗಾಬರಿಯಲ್ಲಿ ಕೂಗುವವರ ಬಾಯಿಗೆ ಅದು ತುಸು ಗ್ರಾಂಥಿಕವಾದೀತು.

ಹೆಸರಿನ ವಿಷಯದಲ್ಲಿ ಕನ್ನಡ ಲಿಪಿ ನೆರವಾಗುತ್ತದೆ. ಉಚ್ಚಾರಣೆಯನ್ನು ಅನುಸರಿಸಿ ‘ಲಾಟಿ’ ಎಂದು ಬರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ‘ಲೆಟಿ’, ‘ಲೊಟಿ’ ಎಂದರೆ ಒಂದು ಸ್ವರಚಿಹ್ನೆಯ ಅಂತರ ಮಾತ್ರ. ಕಾಸರಗೋಡಿನ ಹವ್ಯಕ ಓದುಗರಿಗೆ ‘ಲೊಟಿ’ ಎಂಬುದು ‘ಲೊಟ್ಟೆ’ಯನ್ನು, ಅಂದರೆ ಸುಳ್ಳನ್ನು, ನೆನಪಿಸಿದರೂ ಆಶ್ಚರ್ಯವಿಲ್ಲ, ಕಥೆಯಲ್ಲಿ ಮಾತ್ರ ನಿಜವಾದ ಹೆಸರು ಅದೇ. ಎ-ಏ, ಒ-ಓ ಭೇದವಿಲ್ಲದ ಮರಾಠಿ ಬರವಣಿಗೆಯಲ್ಲಿ ತಮ್ಮ ಹೆಸರನ್ನು ಕಾಣುವ ಸೊಲ್ಲಾಪುರ, ಜತ್ತಗಳ ಕನ್ನಡಿಗರಿಗೆ ಒಂದು ಸ್ವರದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಒಂದೇ ಇಂಗ್ಲಿಷ್ ಪದವನ್ನು ಎರಡು ಬರಹಗಳಲ್ಲಿ ಎರಡು ಬಗೆಯಾಗಿ ಬರೆದಿರುವುದು ಮೂಲದ ಇನ್ನೊಂದು ಸುಳಿವು. ಕನ್ನಡದಲ್ಲಿ ‘ತಿಳಿವಳಿಕೆ’, ‘ತಿಳುವಳಿಕೆ’ ಎಂಬ ಜೋಡಿ ಆ ಕೆಲಸವನ್ನು ಸಹಜವಾಗಿ ಮಾಡಬಲ್ಲದು.

ಕೃತಿಯ ದುರ್ಬಲ ಸ್ಥಳ ಮಿಟ್ಜಿ. ಮಧ್ಯ ಯುರೋಪಿನಿಂದ ನಿರಾಶ್ರಿತಳಾಗಿ ಬಂದ, ವಿಶ್ವವಿದ್ಯಾನಿಲಯದ ಶಿಕ್ಷಣ ಪಡೆದವಳೆಂದು ಹೇಳಿಕೊಳ್ಳುವ ಈಕೆ ಲಿಟ್ಲ್ ಪ್ಯಾಡಾಕ್ಸ್‌ನ ಅಡಿಗೆಯವಳು. ಆಕೆಯ ಮುರುಕು ಇಂಗ್ಲಿಷ್, ಪೊಲೀಸರ ಭಯ, ಕಳೆದುಕೊಂಡ ಬಂಧುಗಳ ಕಥೆ ಎಲ್ಲವೂ ನಗೆಯ ಸರಕಾಗುತ್ತವೆ. ಆಕೆ ಸುಳ್ಳುಗಾತಿ ಎಂಬುದು ಮನೆಯವರ ಒಮ್ಮತ. ಕೊನೆಯಲ್ಲಿ ಪ್ರಾಣವನ್ನೇ ಪಣಕ್ಕಿಟ್ಟು ಕೊಲೆಗಾತಿಯನ್ನು ಬಲೆಗೆ ಕೆಡಹುವವಳೂ ಅವಳೇ. ಕ್ರಿಸ್ಟಿ ಅವಳಿಗೆ ಧೈರ್ಯವನ್ನು ಕೊಡುತ್ತಾರೆ, ಗೆಳತಿಯನ್ನು ಕೊಡುವುದಿಲ್ಲ. ಗೆಳೆತನವೇ ಗುರುತಿನ ಸಾಕ್ಷಿಯಾಗಿರುವ ಲೋಕದಲ್ಲಿ ಗೆಳತಿಯಿಲ್ಲದವಳಿಗೆ ಸಾಕ್ಷಿಯೂ ಇಲ್ಲ. ಅವಳು ತನ್ನ ಭಾಷೆಯಲ್ಲಿ ಯಾರೊಂದಿಗೂ ಮಾತಾಡುವುದನ್ನು ಓದುಗರು ಕೇಳುವುದಿಲ್ಲ. ಡೋರಾಳ ತೊದಲನ್ನು ಅಷ್ಟು ಸೂಕ್ಷ್ಮವಾಗಿ ಆಲಿಸಿದ ಲೇಖಕಿಯ ಕಿವಿ ಮಿಟ್ಜಿಯ ವಿಷಯದಲ್ಲಿ ಮಂದವಾಗಿದೆ. ಅನುವಾದಕರು ಅವಳ ಮಾತಿಗೆ ಕನ್ನಡದ ಯಾವುದೋ ಗಡಿಭಾಗದ ನುಡಿಯನ್ನು ಹಾಸ್ಯಕ್ಕಾಗಿ ಅಂಟಿಸಿದರೆ ಆ ಅನ್ಯಾಯ ಇಮ್ಮಡಿಯಾಗುತ್ತದೆ.

ಡಬ್ಲ್ಯು. ಎಚ್. ಆಡೆನ್ 1948ರ ‘ದಿ ಗಿಲ್ಟಿ ವಿಕರೇಜ್’ ಪ್ರಬಂಧದಲ್ಲಿ ಪತ್ತೇದಾರಿ ಕಥೆಯನ್ನು ಕಳೆದ ಮುಗ್ಧತೆಯ ಮರುಗಳಿಕೆಯೆಂದು ವಿವರಿಸಿದರು: ಅಪರಾಧಿಯನ್ನು ಹೊರಹಾಕಿದೊಡನೆ ಸಮುದಾಯ ಮತ್ತೆ ಶುದ್ಧವಾಗುತ್ತದೆ. ಎರಡೇ ವರ್ಷಗಳ ಬಳಿಕ ಬಂದ ಈ ಕಾದಂಬರಿ ಆ ಸೂತ್ರಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ಆಸ್ತಿ ಹಕ್ಕುದಾರರಿಗೆ ಸೇರುತ್ತದೆ, ಒಂದು ಮದುವೆಯೂ ಆಗುತ್ತದೆ. ಹಿಂಚ್‌ಕ್ಲಿಫ್‌ಳ ಮನೆ ಮಾತ್ರ ಬರಿದಾಗಿಯೇ ಉಳಿಯುತ್ತದೆ. ತನ್ನನ್ನು ಸಲುಗೆಯಿಂದ ಕರೆಯುತ್ತಿದ್ದ ದನಿ ಹೋದ ಮೇಲೆ ಆ ಮನುಷ್ಯನ ಒಂದು ಭಾಗವೂ ಹೋಗುತ್ತದೆ ಎಂಬುದನ್ನು ಕಾದಂಬರಿ ಹೇಳದೆಯೇ ಕಾಣಿಸುತ್ತದೆ. ಕನ್ನಡದ ಅನುವಾದ ಕಾಪಾಡಬೇಕಾದುದು ಕೊಲೆಯ ಒಗಟನ್ನಷ್ಟೇ ಅಲ್ಲ, ಈ ನಷ್ಟವನ್ನೂ.